ಡ್ರ್ಯಾಗನ್ ಹಣ್ಣಿನ ತುಂಡು ನಾಟಿ: ನಮ್ಮ ಅನುಭವ

(ಬೆಳ್ಳಿ ಹಬ್ಬದ ರೈತ ಗೋಷ್ಠಿಯಲ್ಲಿ ಆಡಿದ ಮಾತುಗಳು)



ಬೆಳ್ಳಿ ಹಬ್ಬದ ದಿನ ನಷ್ಟದ ಮಾತು ಯಾಕೆ ಅಂತ ತಾವು ಕೇಳಬಹುದು. ಆದರೆ ಈ ವರ್ಷ ಡ್ರ್ಯಾಗನ್ ಹಣ್ಣಿಗೆ ಸಾಲ ಬೇಕೆಂದು ಸಂಘಕ್ಕೆ ಅರ್ಜಿಗಳು ಬರುತ್ತಿವೆ. ಅದಕ್ಕೇ ನಮ್ಮ ಮನೆಯ ಕಥೆಯನ್ನೇ ತಮ್ಮ ಮುಂದೆ ಇಡುತ್ತೇವೆ.

2021ರಲ್ಲಿ ನಾವು ಸಂಘದಲ್ಲೇ ಸಾಲ ಪಡೆದು, ಅರ್ಧ ಎಕರೆಗೆ 200 ಕಂಬ ನಿಲ್ಲಿಸಿದೆವು. ಕಂಬಕ್ಕೆ ನಾಲ್ಕರಂತೆ 800 ತುಂಡು ಬೇರೆ ಊರಿನವರೊಬ್ಬರಿಂದ ತಂದೆವು. ಎಲ್ಲಾ ತಿಳಿಹಸಿರು, ಸಣಕಲು, ಹಿಡಿದರೆ ಬಳುಕುವಂಥವು. ನೆರಳಿನಲ್ಲಿ ಬೆಳಕು ಸಾಲದೆ ಸೊರಗಿ ಉದ್ದಕ್ಕೆ ಎಳೆದುಕೊಂಡ ಕಾಂಡ ಅದು. ನಮಗೋ ಆ ಉದ್ದ ನೋಡಿಯೇ ಸಂತೋಷ! ಅಂದೇ ಸಂಜೆ ನೆಟ್ಟು, ಹಿಪ್ಪುನೇರಳೆ ಕಡ್ಡಿಗೆ ಬಿಟ್ಟ ಹಾಗೆ ಧಾರಾಳವಾಗಿ ನೀರು ಬಿಟ್ಟೆವು. ಹದಿನೈದು ದಿನಕ್ಕೆ ಬುಡ ಕೊಳೆತು ಲೋಳೆಯಾಯ್ತು. ಮುಕ್ಕಾಲು ಪಾಲು ಹೋಯ್ತು. ನಿರ್ದೇಶಕರಾದವರು ಕಂತು ತಪ್ಪಿಸೋ ಹಾಗಿಲ್ಲವಲ್ಲ, ಕರೆಯುವ ಹಸು ಮಾರಿ ಕಟ್ಟಿದೆವು.

ಕಣ್ಣು ತೆರೆಸಿದವರು ನಮ್ಮ ತಾಯಿಯವರು. ಮುರಿದವೆಂದು ಕೊಟ್ಟಿಗೆ ಹಿಂದೆ ಎಸೆದಿದ್ದ ತುಂಡುಗಳು ಯಾರೂ ನೀರು ಹಾಕದೆ ಬೇರು ಬಿಟ್ಟಿದ್ದವು. “ಕಳ್ಳಿ ಜಾತಿಗೆ ಯಾರಪ್ಪ ಹೀಗೆ ನೀರು ಹುಯ್ಯೋರು? ಬೇಲಿಗೆ ಕಳ್ಳಿ ನೆಡೋವಾಗ ನಿಮ್ಮಪ್ಪ ವಾರ ಒಣಗಿಸ್ತಿರಲಿಲ್ವಾ?” ಅಂದ್ರು. ನಾವು ಮಾತಾಡಲಿಲ್ಲ.

ಆಮೇಲಿಂದ ನಾವು ಬಿಸಿಲಲ್ಲಿ ಬೆಳೆದ, ಕಡುಹಸಿರಿನ ಬಲಿತ ಕಾಂಡವನ್ನೇ ಆರಿಸುತ್ತೇವೆ. ಗೇಣುದ್ದ, ಅಂದರೆ 20ರಿಂದ 25 ಸೆಂ.ಮೀ. ಸಾಕು. ಬುಡದ ಕಡೆ ಪೆನ್ಸಿಲ್ ಚೂಪು ಮಾಡಿದ ಹಾಗೆ ತಿರುಳು ಸವರಿ, ಒಳಗಿನ ಗಟ್ಟಿ ನಾರು ಒಂದಂಗುಲ ಕಾಣುವಂತೆ ಬಿಡಬೇಕು. ಬೇರು ಅಲ್ಲಿಂದ ಚೆನ್ನಾಗಿ ಬರುತ್ತೆ. ಕಾಪರ್ ಆಕ್ಸಿಕ್ಲೋರೈಡ್ ದ್ರಾವಣದಲ್ಲಿ ಅದ್ದಿ, ನೆರಳಲ್ಲಿ 5ರಿಂದ 7 ದಿನ ಇಡಬೇಕು. ನಮ್ಮ ಗಾಯದ ಹಾಗೆ ಅದಕ್ಕೂ ಹಕ್ಕಳೆ ಕಟ್ಟಬೇಕು. ಹಸಿಗಾಯ ಮಣ್ಣಿಗೆ ತಾಗಿತೋ, ಕೊಳೆ ಹತ್ತಿತು ಅಂತಲೇ ಲೆಕ್ಕ. ಕುಯ್ಯುವಾಗಲೇ ಬುಡಕ್ಕೆ ಗುರುತು ಹಾಕಿ. ಒಣಗಿದ ಮೇಲೆ ತಲೆ ಯಾವುದು ಬುಡ ಯಾವುದು ಗೊತ್ತಾಗಲ್ಲ.

ಮರಳು, ಕೆಂಪುಮಣ್ಣು, ಹಳೇ ಗೊಬ್ಬರ ತುಂಬಿದ ಚೀಲದಲ್ಲಿ ಎರಡಂಗುಲ ಆಳಕ್ಕೆ ಊರಿ. ನೀರು ಚಿಮುಕಿಸಿದರೆ ಸಾಕು, ಮಣ್ಣು ಒಣಗಿದ ಮೇಲೆಯೇ ಮತ್ತೆ. ಮೂರ್ನಾಲ್ಕು ವಾರ ಕಳೆದ ಮೇಲೆ ಮೆಲ್ಲಗೆ ಎಳೆದು ನೋಡಿ. ಬರಲಿಲ್ಲ ಅಂದ್ರೆ ಬೇರು ಕಚ್ಚಿದೆ.

ಸೊರಗಿದ ಗಿಡ ಇದ್ದವರು ಕೀಳಬೇಡಿ. ಸಣಕಲು ತುದಿ ಕುಯ್ದು ಬಿಡಿ, ಕೆಳಗಿನ ಬಲಿತ ಭಾಗದ ಮುಳ್ಳಿನ ಕಣ್ಣಿಂದ ಹೊಸ ಚಿಗುರು ಬರುತ್ತೆ. ಆದರೆ ನೆರಳಿನದನ್ನು ಒಮ್ಮೆಗೇ ಸುಡುಬಿಸಿಲಿಗೆ ಇಟ್ಟರೆ ಹಳದಿಯಾಗಿ ಬೇಯುತ್ತೆ. ಮನೆ ಮುಂದೆ ಕುಂಡದಲ್ಲಿ ಕಳ್ಳಿ ಗಿಡ ಇಟ್ಟಿರುವ ಅಕ್ಕತಂಗಿಯರಿಗೂ ಇದೇ ಮಾತು.

ತುಮಕೂರು ಹತ್ತಿರದ ಹಿರೇಹಳ್ಳಿ ತೋಟಗಾರಿಕೆ ಕೇಂದ್ರದಲ್ಲಿ ಈ ಬೆಳೆಯ ಕೆಲಸ ನಡೆದಿದೆ, ಹೋಗಿ ನೋಡಿ ಬನ್ನಿ. ಸಾಲದ ಅರ್ಜಿ ಕೊಡುವವರು ಮಾತ್ರ ದುಡ್ಡು ಕೊಡೋ ಮೊದಲು ಒಂದು ತುಂಡು ತಂದು ನಮಗೆ ತೋರಿಸಿ. ನಮ್ಮ ತೋಟದ್ದೇ ಬೇಕಾದರೆ ಸದಸ್ಯರಿಗೆ ಹತ್ತು ಹತ್ತು ತುಂಡು ಹಾಗೇ ಕೊಡುತ್ತೇವೆ, ಚೀಲ ತನ್ನಿ.