ಚಕ್ರ ಇಳಿಯದ ವಿಮಾನ

(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಪುಣೆಯಲ್ಲಿ ಬಾಳುವ ನಮಗೆ ವಿಮಾನದ ಸದ್ದು ಹೊಸದಲ್ಲ. ಲೋಹಗಾಂವದ ವಾಯುಪಡೆಯ ನೆಲೆಯಿಂದ ಏಳುವ ಸದ್ದಿಗೆ ಆ ಕಡೆಯ ಮನೆಗಳಲ್ಲಿ ಮಾತು ಅರ್ಧಕ್ಕೇ ನಿಲ್ಲುವುದುಂಟು. ಈ ಸಂಜೆ ನಾವು ಹೇಳಹೊರಟಿರುವುದು ಆ ದೊಡ್ಡ ವಿಮಾನಗಳ ಮಾತಲ್ಲ. ನಮ್ಮ ಜಿಲ್ಲೆಯದೇ ಆದ ಬಾರಾಮತಿಯಲ್ಲಿ ಹುಡುಗ ಹುಡುಗಿಯರು ಹಾರಲು ಕಲಿಯುತ್ತಾರಲ್ಲ, ಆ ಸಣ್ಣ ವಿಮಾನದ ಮಾತು.

2025ರ ಆಗಸ್ಟ್ 9ರಂದು ಬೆಳಿಗ್ಗೆ ಬಾರಾಮತಿಯ ನಿಲ್ದಾಣದಲ್ಲಿ ಒಂದು ತರಬೇತಿ ವಿಮಾನ ತುರ್ತಾಗಿ ಇಳಿಯಿತು. ಚಕ್ರವೊಂದು ಕೆಟ್ಟಿದೆಯೆಂದು ಹಾರುತ್ತಿರುವಾಗಲೇ ತಿಳಿದಿತ್ತು ಎಂದು ಸುದ್ದಿ. ನೆಲ ಮುಟ್ಟಿದ ಮೇಲೆ ಮುಂದಿನ ಚಕ್ರ ಕಳಚಿಕೊಂಡಿತು, ವಿಮಾನ ದಾರಿ ಬಿಟ್ಟು ಬದಿಗೆ ಸರಿದು ನಿಂತಿತು. ಒಳಗಿದ್ದವರಿಗೆ ಗಾಯವಾಗಲಿಲ್ಲ. ಇದನ್ನು ಓದಿದವರಿಗೆ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಕೆಳಗಿಳಿದು ನೋಡುವ ಹಾಗಿಲ್ಲ, ಸೈಕಲ್ಲಿನ ಹಾಗೆ ಬದಿಗೆ ನಿಲ್ಲಿಸುವ ಹಾಗೂ ಇಲ್ಲ. ಅಂಥ ಹೊತ್ತಿನಲ್ಲಿ ಇಪ್ಪತ್ತು ವರ್ಷದ ಹುಡುಗ ಏನು ಮಾಡಬೇಕು?

ಚುಟುಕಾಗಿ ಹೇಳುವುದಾದರೆ, ಮೊದಲು ಅವನು ವಿಮಾನವನ್ನು ಹಾರಿಸುತ್ತಲೇ ಇರಬೇಕು. ಚಕ್ರದ ಚಿಂತೆ ಅದರ ನಂತರದ್ದು. ವಿಮಾನದ ಬೆಲೆಯ ಚಿಂತೆ ಎಲ್ಲಕ್ಕೂ ಕಡೆಯದು. ಕೇಳಲು ಇದು ಸುಲಭ. ಆದರೆ ಈ ಕ್ರಮ ತಪ್ಪಿದ್ದರಿಂದಲೇ ಬಹಳ ಮಂದಿ ಸತ್ತಿದ್ದಾರೆ.

ಮೊದಲು ಈ ಚಕ್ರಗಳ ವಿಚಾರ. ಇವಕ್ಕೂ ಇವುಗಳ ಕಾಲುಗಳಿಗೂ ಸೇರಿಸಿ ಲ್ಯಾಂಡಿಂಗ್ ಗೇರ್ ಎನ್ನುತ್ತಾರೆ. ಕೆಲವು ವಿಮಾನಗಳಲ್ಲಿ ಕಾಲುಗಳು ಸದಾ ಕೆಳಗೇ ಇರುತ್ತವೆ. ನಮ್ಮ ದೇಶದವರೇ ರೂಪಿಸಿದ ಎಚ್.ಟಿ.-2 ಅಂಥದು. ಕೊಲ್ಹಾಪುರ ಸೀಮೆಯ ಹಸೂರಚಂಪು ಗ್ರಾಮದಲ್ಲಿ 1908ರಲ್ಲಿ ಹುಟ್ಟಿ, ಜರ್ಮನಿಯ ಗಾಟಿಂಗೆನ್‌ನಲ್ಲಿ ಓದಿ ಬಂದ ಡಾಕ್ಟರ್ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಕಾರ್ಖಾನೆಯಲ್ಲಿ ಸಿದ್ಧವಾದ ಈ ವಿಮಾನ 1951ರ ಆಗಸ್ಟಿನಲ್ಲಿ ಮೊದಲ ಸಲ ಹಾರಿತು. ಬೀದರಿನ ವಾಯುಪಡೆ ಶಾಲೆಯಲ್ಲಿ ಎಷ್ಟೋ ತಂಡಗಳು ಕಲಿತದ್ದು ಅದರಲ್ಲಿಯೇ. ಘಾಟಗೆಯವರ ತಂಡವೇ ಮಾಡಿದ ಕಿರಣ್ ಎಂಬ ಜೆಟ್ ತರಬೇತಿ ವಿಮಾನ 1964ರ ಸೆಪ್ಟೆಂಬರಿನಲ್ಲಿ ಹಾರಿತು. ಅದರಲ್ಲಿ ಕಾಲುಗಳು ಹಕ್ಕಿಯ ಕಾಲಿನ ಹಾಗೆ ಮೇಲಕ್ಕೆ ಮಡಿಸಿಕೊಳ್ಳುತ್ತವೆ. ಮಡಿಸಿದರೆ ಗಾಳಿಯ ತಡೆ ಕಡಿಮೆ, ವೇಗ ಹೆಚ್ಚು. ಆದರೆ ಮಡಿಸುವ ಕೀಲು ಇದ್ದಲ್ಲಿ ಬಿಚ್ಚಿಕೊಳ್ಳದಿರುವ ಭಯವೂ ಇರುತ್ತದೆ. ಇಂದು ಖಾಸಗಿ ಶಾಲೆಗಳಲ್ಲಿ ಹುಡುಗರು ಸಾಮಾನ್ಯವಾಗಿ ಕಾಲು ಮಡಿಸದ ಸೆಸ್ನಾದಂಥ ವಿಮಾನದಲ್ಲಿ ಆರಂಭಿಸಿ, ಎರಡು ಎಂಜಿನ್ನಿನ ವಿಮಾನಕ್ಕೆ ಬಂದಾಗ ಮಡಿಸುವ ಕಾಲಿನ ಸಹವಾಸಕ್ಕೆ ಬೀಳುತ್ತಾರೆ.

ಇಳಿಯುವ ಮುನ್ನ ಹಿಡಿಕೆಯನ್ನು ಕೆಳಗೆ ಮಾಡಿದರೆ ಮೂರು ಹಸಿರು ದೀಪ ಹತ್ತಬೇಕು, ಒಂದೊಂದು ಕಾಲಿಗೆ ಒಂದೊಂದು. ದೀಪ ಹತ್ತಿದರೆ ಕಾಲು ಇಳಿದು ಬೀಗ ಬಿದ್ದಿದೆಯೆಂದು ಅರ್ಥ. ಎರಡು ಹತ್ತಿ ಮೂರನೆಯದು ಹತ್ತಲಿಲ್ಲ ಎಂದಿಟ್ಟುಕೊಳ್ಳೋಣ. ಕೆಟ್ಟಿರುವುದು ಕಾಲೋ, ದೀಪವೋ? ಎಷ್ಟೋ ಸಲ ಬಲ್ಬೇ ಸುಟ್ಟಿರುತ್ತದೆ. ಪಕ್ಕದ ಬಲ್ಬನ್ನು ಕಿತ್ತು ಅಲ್ಲಿ ಹಾಕಿ ನೋಡಿದರೆ ಗೊತ್ತಾಗುತ್ತದೆ. ಕೆಲವು ಪೈಪರ್ ವಿಮಾನಗಳಲ್ಲಿ ರಾತ್ರಿಯ ದೀಪಗಳ ಸ್ವಿಚ್ಚು ಹಾಕಿದೊಡನೆ ಈ ಹಸಿರು ದೀಪಗಳು ಮಂಕಾಗುವಂತೆ ಮಾಡಿರುತ್ತಾರೆ. ಹಗಲಿನಲ್ಲಿ ಆ ಸ್ವಿಚ್ಚು ಹಾಕಿಯೇ ಇದ್ದರೆ ಮೂರೂ ಆರಿದಂತೆ ಕಾಣುತ್ತವೆ. ವಿಮಾನದಲ್ಲಿ ಏನೂ ಕೆಟ್ಟಿರುವುದಿಲ್ಲ, ಹುಡುಗನ ಎದೆ ಮಾತ್ರ ಡವಗುಟ್ಟುತ್ತಿರುತ್ತದೆ.

ಇಲ್ಲಿ ಅಮೆರಿಕೆಯ ಒಂದು ಘಟನೆಯನ್ನು ಹೇಳಬೇಕು. ವಿಮಾನ ದೊಡ್ಡದಾದರೂ ಪಾಠ ಸಣ್ಣದಕ್ಕೂ ಸಲ್ಲುತ್ತದೆ. 1972ರ ಡಿಸೆಂಬರ್ 29ರ ರಾತ್ರಿ ಈಸ್ಟರ್ನ್ ಕಂಪನಿಯ 401ನೆಯ ಸಂಖ್ಯೆಯ ವಿಮಾನ 176 ಜನರನ್ನು ಹೊತ್ತು ಮಯಾಮಿಯಲ್ಲಿ ಇಳಿಯಲಿತ್ತು. ಮುಂದಿನ ಕಾಲಿನ ಹಸಿರು ದೀಪ ಹತ್ತಲಿಲ್ಲ. ಚಾಲಕರ ಕೊಠಡಿಯಲ್ಲಿದ್ದವರೆಲ್ಲ ಆ ಬಲ್ಬಿನ ಹಿಂದೆ ಬಿದ್ದರು. ವಿಮಾನ ತಾನಾಗಿಯೇ ಎತ್ತರ ಕಾಯ್ದುಕೊಂಡಿದೆ ಎಂದು ನಂಬಿದ್ದರು. ಅದು ಮೆಲ್ಲಮೆಲ್ಲನೆ ಇಳಿಯುತ್ತಿತ್ತು. ಯಾರೂ ನೋಡಲಿಲ್ಲ. ಕಗ್ಗತ್ತಲ ಜವುಗುನೆಲಕ್ಕೆ ಬಡಿದು 101 ಜನ ಸತ್ತರು. ಆಮೇಲೆ ತನಿಖೆ ಮಾಡಿದಾಗ ಮುಂದಿನ ಕಾಲು ಸರಿಯಾಗಿಯೇ ಇಳಿದು ಬೀಗ ಬಿದ್ದಿತ್ತೆಂದು ತಿಳಿಯಿತು. ಸುಟ್ಟದ್ದು ಬಲ್ಬು.

ಆದ್ದರಿಂದಲೇ ಗುರುಗಳು ಕಲಿಸುವ ಮೊದಲ ಕೆಲಸ ಚಕ್ರದ್ದಲ್ಲ. ಇಳಿಯುವ ಯತ್ನ ಬಿಟ್ಟು ಮೇಲಕ್ಕೇರು, ಸಮನಾಗಿ ಹಾರು, ವೇಗ ನೋಡು, ಕೆಳಗಿನವರಿಗೆ ರೇಡಿಯೋದಲ್ಲಿ ಹೇಳು ಎನ್ನುತ್ತಾರೆ. ಎತ್ತರ ಮತ್ತು ಪೆಟ್ರೋಲು ಇರುವವರೆಗೆ ಸಮಯವಿದೆ. ಆಮೇಲೆ ಪುಸ್ತಕ ತೆರೆದು, ಅದರಲ್ಲಿ ಬರೆದ ಕ್ರಮದಲ್ಲಿಯೇ ಒಂದೊಂದನ್ನು ಮಾಡಬೇಕು. ವಿದ್ಯುತ್ತಿನ ಬ್ರೇಕರ್ ಹಾರಿದೆಯೇ? ವೇಗ ಹೆಚ್ಚಿದ್ದು ಗಾಳಿಯ ಒತ್ತಡಕ್ಕೆ ಕಾಲು ಇಳಿಯದೆ ಇದೆಯೇ? ಇವೆಲ್ಲ ಸರಿಯಿದ್ದೂ ಇಳಿಯದಿದ್ದರೆ ತುರ್ತು ಏರ್ಪಾಡು ಉಂಟು. ಪೈಪರ್ ಸೆನೆಕಾದಂಥ ವಿಮಾನದಲ್ಲಿ ಕಾಲುಗಳನ್ನು ಮೇಲೆ ಹಿಡಿದಿಟ್ಟಿರುವುದು ಎಣ್ಣೆಯ ಒತ್ತಡ. ಒಂದು ಗುಂಡಿ ಎಳೆದು ಆ ಒತ್ತಡ ಬಿಟ್ಟರೆ ಕಾಲುಗಳು ತಮ್ಮ ಭಾರಕ್ಕೆ ತಾವೇ ಜೋತು ಬೀಳುತ್ತವೆ. ಬೇರೆ ಕೆಲವುಗಳಲ್ಲಿ ಕೈಪಂಪು, ಇನ್ನು ಕೆಲವುಗಳಲ್ಲಿ ಬಾವಿಯ ರಾಟೆಯಂತೆ ತಿರುವುವ ಹಿಡಿಕೆ. ಬೀಗ ಬೀಳದಿದ್ದರೆ ಮೂಗನ್ನು ಎಡಕ್ಕೂ ಬಲಕ್ಕೂ ಆಡಿಸಿ ಗಾಳಿಯ ತಳ್ಳಿನಿಂದ ಬೀಳಿಸುವ ಉಪಾಯವೂ ಉಂಟು. ಟವರಿನ ಮುಂದೆ ತಗ್ಗಿನಲ್ಲಿ ಹಾರಿ ಹೋದರೆ ಕೆಳಗಿನವರು ನೋಡಿ ಹೇಳುತ್ತಾರೆ. ಕಾಲು ಇಳಿದಿದೆಯೇ ಎಂದು ಅವರು ಹೇಳಬಲ್ಲರು, ಬೀಗ ಬಿದ್ದಿದೆಯೇ ಎಂದು ಹೇಳಲಾರರು. ಅಷ್ಟನ್ನು ನೆನಪಿಟ್ಟುಕೊಂಡು ಇಳಿಯಬೇಕು.

ಸಮಯವಿದೆ ಎಂದೆವು. ಆದರೆ ಅದಕ್ಕೂ ಮಿತಿಯುಂಟು. 1978ರ ಡಿಸೆಂಬರ್ 28ರಂದು ಅಮೆರಿಕೆಯದೇ ಪೋರ್ಟ್‌ಲ್ಯಾಂಡಿನ ಮೇಲೆ ಯುನೈಟೆಡ್ ಕಂಪನಿಯ ವಿಮಾನವೊಂದು ಚಕ್ರದ ಸಂಶಯದಿಂದಲೇ ಸುಮಾರು ಒಂದು ಗಂಟೆ ಸುತ್ತಿ, ಎಣ್ಣೆ ತೀರಿ ಊರ ಅಂಚಿನಲ್ಲಿ ಬಿತ್ತು. 189 ಜನರಲ್ಲಿ 10 ಜನ ಹೋದರು. ಎಷ್ಟು ಹೊತ್ತಿಗೆ ಇಳಿದೇ ತೀರಬೇಕು ಎಂಬುದನ್ನು ಸುತ್ತಲು ತೊಡಗಿದಾಗಲೇ ಗಡಿಯಾರ ನೋಡಿ ನಿಶ್ಚಯಿಸಿಕೊಳ್ಳಬೇಕು.

ಏನು ಮಾಡಿದರೂ ಕಾಲು ಇಳಿಯಲಿಲ್ಲ. ಈಗ ಹೊಟ್ಟೆಯ ಮೇಲೆ ಇಳಿಯಬೇಕು. ಕೇಳಿದವರ ಮೈ ಜುಮ್ಮೆನ್ನುತ್ತದೆ. ಲೆಕ್ಕ ಹಾಕಿ ನೋಡಿ. ಸಣ್ಣ ವಿಮಾನ ಗಂಟೆಗೆ 108 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟಿ 150 ಮೀಟರ್ ಜಾರಿ ನಿಂತಿತೆಂದರೆ, ನಿಲ್ಲಲು ಹತ್ತು ಸೆಕೆಂಡು ಹಿಡಿಯಿತು. ದೇಹದ ಮೇಲೆ ಬೀಳುವ ಒತ್ತಡ ನಮ್ಮ ತೂಕದ ಮೂರರಲ್ಲಿ ಒಂದು ಪಾಲು. ಸ್ವಾರಗೇಟಿನ ಹತ್ತಿರ ಸಿಟಿ ಬಸ್ಸಿನವನು ಥಟ್ಟನೆ ಬ್ರೇಕು ಒತ್ತಿದಾಗ ನಮಗಾಗುವುದೂ ಸುಮಾರು ಅಷ್ಟೆ. ಅದೇ ಹುಡುಗ ಗಾಬರಿಯಲ್ಲಿ ವೇಗ ಕಳೆದುಕೊಂಡು ಹತ್ತು ಮೀಟರ್ ಎತ್ತರದಿಂದ ಕಲ್ಲಿನಂತೆ ಬಿದ್ದರೆ, ಗಂಟೆಗೆ 50 ಕಿಲೋಮೀಟರ್ ವೇಗ ಒಂದು ಗೇಣಿನಷ್ಟರಲ್ಲಿ ನಿಲ್ಲಬೇಕಾಗುತ್ತದೆ. ಅಷ್ಟನ್ನು ಬೆನ್ನೆಲುಬು ತಾಳದು.

2023ರ ಜುಲೈ 11ರಂದು ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣದಲ್ಲಿ ಇದನ್ನು ಕಣ್ಣಾರೆ ಕಂಡವರಿದ್ದಾರೆ. ಅದು ತರಬೇತಿ ವಿಮಾನವಲ್ಲ, ಸಣ್ಣ ಜೆಟ್. ಎಚ್.ಎ.ಎಲ್.ನಿಂದ ಎದ್ದು ದೇವನಹಳ್ಳಿಗೆ ಹೊರಟಿತ್ತು. ಮುಂದಿನ ಕಾಲಿನ ತೊಂದರೆಯಿಂದ ಹಿಂದಿರುಗಿ, ಮುಂದಿನ ಕಾಲಿಲ್ಲದೆಯೇ ಇಳಿಯಿತು. ಹಿಂದಿನ ಚಕ್ರಗಳ ಮೇಲೆ ಓಡಿ, ಕೊನೆಗೆ ಮೂಗನ್ನು ನೆಲಕ್ಕೆ ಉಜ್ಜಿಕೊಂಡು ನಿಂತಿತು. ಒಳಗಿದ್ದ ಇಬ್ಬರು ಚಾಲಕರಿಗೂ ಏನೂ ಆಗಲಿಲ್ಲ. ಮುಂದಿನ ಚಕ್ರ ಕೆಟ್ಟಾಗ ಮಾಡುವ ಕೆಲಸವೂ ಇದೇ. ಹಿಂದಿನ ಚಕ್ರಗಳ ಮೇಲೆ ಮೆತ್ತಗೆ ಇಳಿದು, ಹಿಡಿಕೆಯನ್ನು ಹಿಂದಕ್ಕೆ ಎಳೆದು, ಮೂಗನ್ನು ಆದಷ್ಟು ಹೊತ್ತು ಎತ್ತಿಯೇ ಹಿಡಿಯಬೇಕು. ಕಾಲು ಮಡಿಸದ ವಿಮಾನದಲ್ಲಿ ಮುಂದಿನ ಚಕ್ರ ಹೋದಾಗಲೂ ಹೀಗೆಯೇ.

ಇನ್ನು ದುಡ್ಡಿನ ಮಾತು. ನಮ್ಮ ಸಭೆಗೆ ಇದೇ ಹೆಚ್ಚು ಮುಖ್ಯವೆಂದು ನಮಗೆ ತೋರುತ್ತದೆ. ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆ ಹಾರಿರಬೇಕು. ಅದಕ್ಕೆ ಲಕ್ಷ ಲಕ್ಷ ರೂಪಾಯಿ. ಸಂಬಳದ ಮನೆಯವರಾದರೆ ಸಾಲ ಮಾಡಿ, ಊರ ಹೊಲ ಅಡವಿಟ್ಟು ಕಳಿಸಿರುತ್ತಾರೆ. ಅಂಥ ಮನೆಯ ಹುಡುಗನಿಗೆ ಆ ಗಳಿಗೆಯಲ್ಲಿ ಅಪ್ಪನ ಮುಖ ನೆನಪಾಗುತ್ತದೆ, ವಿಮಾನದ ಬೆಲೆ ನೆನಪಾಗುತ್ತದೆ. ಹೊಟ್ಟೆಯ ಮೇಲೆ ಇಳಿದರೆ ತಿರುಗುತ್ತಿರುವ ಪ್ರೊಪೆಲ್ಲರ್ ನೆಲಕ್ಕೆ ಬಡಿದು ಬಾಗುತ್ತದೆ, ಎಂಜಿನ್ನಿಗೂ ಪೆಟ್ಟು. ಆಗ ಒಂದು ಯೋಚನೆ ಬರುತ್ತದೆ: ನೆಲ ಹತ್ತಿರ ಬರುವಾಗ ಎಂಜಿನ್ ನಿಲ್ಲಿಸಿ, ಪ್ರೊಪೆಲ್ಲರನ್ನು ಅಡ್ಡ ಮಾಡಿ ಇಳಿದರೆ ಎರಡೂ ಉಳಿಯುತ್ತವಲ್ಲ?

ಇದು ಕೆಟ್ಟ ಯೋಚನೆ. ಎಂಜಿನ್ ಇರುವವರೆಗೆ ಅಂದಾಜು ತಪ್ಪಿದರೆ ಮತ್ತೆ ಮೇಲೇರಿ ಇನ್ನೊಮ್ಮೆ ಬರಬಹುದು. ನಿಲ್ಲಿಸಿದ ಮೇಲೆ ಇರುವುದು ಒಂದೇ ಅವಕಾಶ, ಅದೂ ಪ್ರೊಪೆಲ್ಲರ್ ಅಡ್ಡ ಬಂತೇ ಎಂದು ನೋಡುತ್ತ ವೇಗ ನೋಡುವುದನ್ನು ಬಿಟ್ಟ ಹೊತ್ತಿನಲ್ಲಿ. ನಮ್ಮಲ್ಲಿ ಚಿಂಚವಡ, ಭೋಸರಿಯ ಕಾರ್ಖಾನೆಗಳಲ್ಲಿ ಪ್ರೆಸ್ಸಿನ ಮೇಲೆ ದುಡಿಯುವವರು ಕುಳಿತಿದ್ದೀರಿ. ಸಿಕ್ಕಿಬಿದ್ದ ತಗಡನ್ನು ಉಳಿಸಲು ಡೈಯೊಳಗೆ ಕೈ ಹಾಕಿದವನ ಗತಿ ನಿಮಗೆ ಗೊತ್ತು. ಮಗನನ್ನೋ ತಮ್ಮನನ್ನೋ ವಿಮಾನಶಾಲೆಗೆ ಕಳಿಸುವವರು, ಶುಲ್ಕದ ಮಾತಿನ ಜೊತೆಗೆ ಇದನ್ನೂ ಹೇಳಿ ಕಳಿಸಿ: ವಿಮಾನ ಹೋದರೆ ಹೋಗಲಿ ತಮ್ಮಾ, ಅದಕ್ಕೆ ವಿಮೆ ಇರುತ್ತದೆ, ನೀನು ಇಳಿದು ಬಾ.

ಇಳಿಯುವ ಜಾಗದ ಬಗ್ಗೆಯೂ ಒಂದು ತಪ್ಪು ಕಲ್ಪನೆ ಉಂಟು. ಹುಲ್ಲು ಮೆತ್ತಗೆ, ಅಲ್ಲಿಯೇ ಇಳಿಯಲಿ ಎನ್ನುತ್ತಾರೆ. ಮೆತ್ತನೆಯ ನೆಲ ವಿಮಾನದ ಅಂಚನ್ನು ಕಚ್ಚಿ ಹಿಡಿದು ಮಗುಚಿಹಾಕಬಹುದು. ಗಟ್ಟಿಯಾದ ರನ್‌ವೇ ಮೇಲೆ ಅದು ಜಾರುತ್ತದೆ. ಬೆಂಕಿಯ ಬಂಡಿ, ವೈದ್ಯರು ಬರಲೂ ಅಲ್ಲಿಗೇ ಸುಲಭ. ನೆಲ ಮುಟ್ಟುವ ಮೊದಲೇ ಬಾಗಿಲಿನ ಚಿಲಕ ತೆಗೆದಿಡಬೇಕು. ಮೈ ಸೊಟ್ಟಗಾದರೆ ಬಾಗಿಲು ಬಿಗಿದುಕೊಳ್ಳುತ್ತದೆ. ಪಟ್ಟಿಗಳನ್ನು ಬಿಗಿಯಬೇಕು. ಇಳಿದದ್ದು ಖಚಿತವಾದ ಮೇಲೆ ಪೆಟ್ರೋಲು, ವಿದ್ಯುತ್ತು ಎರಡನ್ನೂ ಮುಚ್ಚಬೇಕು. ನಿಂತೊಡನೆ ಇಳಿದು ದೂರ ಹೋಗಬೇಕು, ಚೀಲಕ್ಕಾಗಿ ಹಿಂದಿರುಗಬಾರದು.

ಆಮೇಲಿನದು ಕಾರ್ಖಾನೆಯವರ ಕೆಲಸ. ವಿಮಾನವನ್ನು ಎತ್ತಿ, ಚಕ್ರ ಇಳಿಸಿ, ತಳ್ಳಿಕೊಂಡು ಹೋಗುತ್ತಾರೆ. ಪ್ರೊಪೆಲ್ಲರ್ ನೆಲಕ್ಕೆ ಬಡಿದಿದ್ದರೆ ಎಂಜಿನ್ ಹೊರಗೆ ಎಷ್ಟು ಚೆನ್ನಾಗಿ ಕಂಡರೂ ಅದನ್ನು ಬಿಚ್ಚಿ, ಕ್ರಾಂಕ್ ಶಾಫ್ಟಿನಲ್ಲಿ ಕೂದಲೆಳೆಯ ಬಿರುಕಾದರೂ ಇದೆಯೇ ಎಂದು ನೋಡುತ್ತಾರೆ. ಹುಡುಗ ಒಂದು ಬಿಳಿ ಹಾಳೆಯ ಮೇಲೆ, ಯಾವ ದೀಪ ಎಷ್ಟು ಗಂಟೆಗೆ ಹತ್ತಲಿಲ್ಲ ಎಂಬಲ್ಲಿಂದ ತೊಡಗಿ, ನಡೆದದ್ದನ್ನೆಲ್ಲ ಬರೆದು ಕೊಡುತ್ತಾನೆ.