ಒಂದೇ ರಕ್ತ, ಎರಡು ಅಂಕಿ



ಕೆಲವು ವರ್ಷಗಳ ಹಿಂದಿನವರೆಗೆ ಅಮೆರಿಕದ ಅನೇಕ ಪ್ರಯೋಗಾಲಯಗಳ ರಕ್ತಪರೀಕ್ಷಾ ವರದಿಯಲ್ಲಿ ಮೂತ್ರಪಿಂಡದ ಸಾಮರ್ಥ್ಯಕ್ಕೆ ಎರಡು ಅಂಕಿಗಳಿರುತ್ತಿದ್ದವು: ಒಂದು ಆಫ್ರಿಕನ್ ಅಮೆರಿಕನ್ನರಿಗೆ, ಇನ್ನೊಂದು ಉಳಿದವರಿಗೆ. ಅಲ್ಲಿನ ಕನ್ನಡಿಗರ ಪಾಲಿಗೆ ಬಂದದ್ದು ಎರಡನೆಯದು.

ರಕ್ತದಲ್ಲಿನ ಕ್ರಿಯಾಟಿನಿನ್ ಪ್ರಮಾಣದಿಂದ ಈ ಸಾಮರ್ಥ್ಯವನ್ನು ಅಂದಾಜು ಮಾಡಲಾಗುತ್ತದೆ. ಹಳೆಯ ಸೂತ್ರವೊಂದು ಕಪ್ಪು ಜನರ ಫಲಿತಾಂಶವನ್ನು 1.212ರಿಂದ ಗುಣಿಸಿತು; 2009ರ ಸೂತ್ರವು 1.159ರಿಂದ. ಅವರ ದೇಹದಲ್ಲಿ ಸ್ನಾಯು ಹೆಚ್ಚೆಂಬ ಊಹೆಯೇ ಇದಕ್ಕೆ ನೀಡಿದ ಸಮರ್ಥನೆ. ಮೂತ್ರಪಿಂಡ ಕಸಿಯ ಸರದಿಯಲ್ಲಿ ಕಾಯುವ ಅವಧಿಯ ಎಣಿಕೆ ಡಯಾಲಿಸಿಸ್‌ನಿಂದ, ಇಲ್ಲವೇ ಈ ಅಂಕಿ 20ಕ್ಕೆ ಇಳಿದಾಗ ಆರಂಭವಾಗುತ್ತದೆ. ಗುಣಕವಿಲ್ಲದೆ 18 ಬರಬೇಕಾದ ರೋಗಿಗೆ 2009ರ ಸೂತ್ರ ಸುಮಾರು 20.9 ಎಂದಿತು. ಕಾಯಿಲೆ ಅಷ್ಟೇ ಇತ್ತು. ಸರದಿ ಮಾತ್ರ ಆರಂಭವಾಗಲಿಲ್ಲ.

2021ರಲ್ಲಿ ಅಮೆರಿಕದ ಮೂತ್ರಪಿಂಡ ತಜ್ಞರ ಸಂಸ್ಥೆಗಳು ಜನಾಂಗದ ಗುಣಕವನ್ನು ಕೈಬಿಡುವಂತೆ ಶಿಫಾರಸು ಮಾಡಿದವು. 2023ರಲ್ಲಿ ಕಸಿ ಆಸ್ಪತ್ರೆಗಳು ಹಳೆಯ ರಕ್ತಪರೀಕ್ಷೆಗಳನ್ನು ಮತ್ತೆ ತೆರೆದು, ಕಳೆದುಹೋದ ಕಾಲವನ್ನು ಕಪ್ಪು ರೋಗಿಗಳ ಲೆಕ್ಕಕ್ಕೆ ಸೇರಿಸಬೇಕಾಯಿತು. 2024ರ ಮಾರ್ಚ್ ವೇಳೆಗೆ 14 ಸಾವಿರಕ್ಕೂ ಹೆಚ್ಚು ಜನರ ಸರದಿ ಸರಾಸರಿ ಎರಡು ವರ್ಷ ಹಿಂದಿನಿಂದ ಎಣಿಕೆಯಾಯಿತು.

ಯಾವುದೋ ತಪಾಸಣೆಗೆಂದು ಕೊಟ್ಟ ರಕ್ತದ ದಾಖಲೆಯೇ ಇಲ್ಲಿ ಅನ್ಯಾಯಕ್ಕೆ ಸಾಕ್ಷಿಯಾಯಿತು, ಪರಿಹಾರಕ್ಕೆ ಆಧಾರವೂ ಆಯಿತು. ಆದರೆ ವಿಮೆಯಿಲ್ಲದೆ ಪ್ರಯೋಗಾಲಯದ ಮೆಟ್ಟಿಲನ್ನೇ ಹತ್ತದವರಿಗೆ ಹಳೆಯ ವರದಿ ಎಲ್ಲಿಂದ ಬರಬೇಕು? ದತ್ತಾಂಶ ಎಷ್ಟೇ ಬೃಹತ್ತಾಗಿದ್ದರೂ, ಚಿಕಿತ್ಸೆಯ ಬಾಗಿಲಿಗೆ ಬಂದವರನ್ನು ಮಾತ್ರ ಅದು ಬಲ್ಲದು. ಅದರ ಮೇಲೆ ನಿಂತ ಸಂಶೋಧನೆ, ಬಾರದವರನ್ನು ಆರೋಗ್ಯವಂತರೆಂದು ಎಣಿಸುವ ಅಪಾಯ ಸದಾ ಇದೆ.

ಇನ್ನು ನಂಬಿಕೆಯ ಪ್ರಶ್ನೆ. 2021ರಲ್ಲಿ ಇಂಗ್ಲೆಂಡ್ ಸರ್ಕಾರ ಕುಟುಂಬ ವೈದ್ಯರ ದಾಖಲೆಗಳನ್ನು ಒಂದೆಡೆ ಕಲೆಹಾಕಲು ಹೊರಟಾಗ ಹತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ಮಾಹಿತಿ ಬೇಡವೆಂದು ಹಿಂದೆ ಸರಿದರು, ಯೋಜನೆ ನಿಂತಿತು. ಅವರನ್ನು ವಿಜ್ಞಾನದ ವಿರೋಧಿಗಳೆನ್ನುವುದು ಸುಲಭ, ಆದರೆ ತಪ್ಪು. ಅದಕ್ಕೂ ಒಂದು ವರ್ಷ ಮೊದಲೇ, ಅದೇ ದೇಶದಲ್ಲಿ, ಓಪನ್‌ಸೇಫ್ಲಿ ಬೇರೊಂದು ದಾರಿ ತೋರಿತ್ತು. ಅಲ್ಲಿ ರೋಗಿಗಳ ದಾಖಲೆ ಸಂಶೋಧಕರ ಕೈ ಸೇರುವುದಿಲ್ಲ. ಸಂಶೋಧಕರ ಕೋಡ್ ದಾಖಲೆಯ ಬಳಿಗೆ ಹೋಗುತ್ತದೆ, ಆ ಕೋಡನ್ನು ಯಾರು ಬೇಕಾದರೂ ಪರಿಶೀಲಿಸಬಹುದು.

ಆದ್ದರಿಂದ ವಲಸಿಗರ ಸಂಘಟನೆಗಳು ಎತ್ತಬೇಕಾದ ಬೇಡಿಕೆಗಳು ಸ್ಪಷ್ಟ: ದತ್ತಾಂಶದ ಮೇಲೆ ಸಾರ್ವಜನಿಕ ನಿಗಾ, ಸೂತ್ರಗಳ ಬಹಿರಂಗ ಪರೀಕ್ಷೆ, ದಾಖಲೆಯಲ್ಲಿ ಇಲ್ಲದವರಿಗೂ ಚಿಕಿತ್ಸೆ. 'ಉಳಿದವರ' ಅಂಕಿಯನ್ನು ಪಡೆದವರು ಪಕ್ಕದ ಅಂಕಿಯ ಬಗ್ಗೆ ಮೌನವಾಗಿದ್ದುದು ಸಾಕು.