ಫೋನ್ ಎತ್ತಿದ ಮಾತ್ರಕ್ಕೆ ಮಾತು ಶುರುವಾಗಲ್ಲ: ಐಸ್ಕಸಿ ಕನೆಕ್ಷನ್‌ನ ಹಂತಗಳು ಮತ್ತು ಸ್ಥಿತಿಗಳು

ಇವತ್ತಿನ ವಿಷಯ ಐಸ್ಕಸಿ, ಅಂದ್ರೆ ನೆಟ್‌ವರ್ಕ್ ಮೇಲೆ ಡಿಸ್ಕ್ ಕೊಡೋ ಪ್ರೋಟೊಕಾಲ್. ಸ್ಟೋರೇಜ್ ಕೈಕೊಟ್ಟ ರಾತ್ರಿ ಬ್ರಿಜ್ ಕಾಲ್‌ನಲ್ಲಿ ಕೂತವರಿಗೆ ಗೊತ್ತು: ನೆಟ್‌ವರ್ಕ್ ಟೀಮ್ ‘ಕನೆಕ್ಷನ್ ಅಪ್ ಇದೆ’ ಅನ್ನುತ್ತೆ, ಡೇಟಾಬೇಸ್ ಟೀಮ್ ‘ಡಿಸ್ಕೇ ಕಾಣಿಸ್ತಿಲ್ಲ’ ಅನ್ನುತ್ತೆ. ಇಬ್ಬರೂ ಸುಳ್ಳು ಹೇಳ್ತಿರಲ್ಲ. ‘ಕನೆಕ್ಷನ್’ ಅನ್ನೋ ಪದಕ್ಕೆ ಇಬ್ಬರ ಅರ್ಥ ಬೇರೆ ಬೇರೆ, ಅಷ್ಟೇ.

ಮೊದಲು ಹಂತ, ಅಂದ್ರೆ ಫೇಸ್. ಇದನ್ನ ಫೋನ್ ಕಾಲ್ ಥರ ನೋಡಿ. ಪೋರ್ಟ್ 3260ಕ್ಕೆ ಟಿಸಿಪಿ ಕನೆಕ್ಟ್ ಆಯ್ತು ಅಂದ್ರೆ ಆ ಕಡೆಯವರು ಫೋನ್ ಎತ್ತಿದ್ರು ಅಂತ ಮಾತ್ರ. ಆಮೇಲೆ ಲಾಗಿನ್ ಹಂತ. ಅದರೊಳಗೆ ಎರಡು ಮೆಟ್ಟಿಲು. ಒಂದು ಸೆಕ್ಯುರಿಟಿ: ‘ಯಾರು ಮಾತಾಡ್ತಿರೋದು?’ ಚಾಪ್ ಪಾಸ್‌ವರ್ಡ್ ಇಲ್ಲಿ ನಡೆಯುತ್ತೆ. ಇನ್ನೊಂದು ಆಪರೇಷನಲ್: ‘ಕನ್ನಡ ಬರುತ್ತಾ, ಹಿಂದೀಲಿ ಮಾತಾಡೋಣ್ವಾ?’ ಡೈಜೆಸ್ಟ್ ಬೇಕಾ, ಒಂದು ಸಲಕ್ಕೆ ಎಷ್ಟು ಡೇಟಾ ಕಳಿಸ್ಬಹುದು ಅನ್ನೋದೆಲ್ಲ ಇಲ್ಲಿ ತೀರ್ಮಾನ. ಇವೆರಡೂ ಮುಗಿದ ಮೇಲೇ ಫುಲ್ ಫೀಚರ್ ಹಂತ. ರೀಡ್, ರೈಟ್ ನಡೆಯೋದು ಅಲ್ಲಿ ಮಾತ್ರ.

ಮುಂದಿನ ಮೆಟ್ಟಿಲಿಗೆ ಹೋಗೋಕೆ ಸರ್ವರ್ ತನ್ನ ಲಾಗಿನ್ ಮೆಸೇಜ್‌ನಲ್ಲಿ ಟಿ ಬಿಟ್ ಹಾಕಿ ಕೇಳುತ್ತೆ. ಸ್ಟೋರೇಜ್ ಕೂಡ ಟಿ ಬಿಟ್ ಹಾಕಿ ಉತ್ತರ ಕೊಟ್ರೆ ಮಾತ್ರ ಹಂತ ಬದಲಾಗುತ್ತೆ. ಅಂದ್ರೆ ಹಂತ ಅನ್ನೋದು ಇಬ್ಬರ ಒಪ್ಪಂದ.

ಸ್ಥಿತಿ, ಅಂದ್ರೆ ಸ್ಟೇಟ್, ಹಾಗಲ್ಲ. ಅದು ಒಬ್ಬೊಬ್ಬರ ಸ್ವಂತ ನಂಬಿಕೆ. 2014ರ ಆರ್‌ಎಫ್‌ಸಿ 7143ರಲ್ಲಿ ಕನೆಕ್ಷನ್‌ಗೆ ಎಸ್1ರಿಂದ ಎಸ್8ರವರೆಗೆ ಸ್ಥಿತಿಗಳಿವೆ. ಅದರಲ್ಲಿ ಎಸ್2 ಸರ್ವರ್ ಕಡೆಗೆ ಮಾತ್ರ, ಎಸ್3 ಸ್ಟೋರೇಜ್ ಕಡೆಗೆ ಮಾತ್ರ. ಎಸ್5 ಅಂದ್ರೆ ಲಾಗ್ಡ್-ಇನ್. ಸ್ಟೋರೇಜ್ ಕಂಟ್ರೋಲರ್ ಪವರ್ ಹೋಗಿ ಥಟ್ಟನೆ ಸತ್ರೆ ಸರ್ವರ್‌ಗೆ ಹೇಳೋರು ಯಾರು? ಲೈನ್ ಕಟ್ಟಾಗಿದ್ರೂ ನಾವು ‘ಹಲೋ, ಹಲೋ’ ಅಂತಿರ್ತೀವಲ್ಲ, ಹಾಗೆ ಸರ್ವರ್ ಇನ್ನೂ ಲಾಗ್ಡ್-ಇನ್ ಅಂತಲೇ ಕೂತಿರುತ್ತೆ.

ಲಿನಕ್ಸ್‌ನ ಓಪನ್-ಐಸ್ಕಸಿಯಲ್ಲಿ ಆ ‘ಹಲೋ’ ಹೆಸರು ನಾಪ್-ಔಟ್. ಡಿಫಾಲ್ಟ್ ಆಗಿ 5 ಸೆಕೆಂಡಿಗೊಮ್ಮೆ ಹೋಗುತ್ತೆ, ಉತ್ತರಕ್ಕೆ 5 ಸೆಕೆಂಡ್ ಕಾಯುತ್ತೆ. ಬರಲಿಲ್ಲ ಅಂದ್ರೆ ಸೆಷನ್ ‘ಫೇಲ್ಡ್’ ಸ್ಥಿತಿಗೆ ಹೋಗುತ್ತೆ. ಹಾಗಂತ ಡಿಸ್ಕ್ ಹೋಯ್ತು ಅಂತಲ್ಲ. ರಿಪ್ಲೇಸ್‌ಮೆಂಟ್ ಟೈಮೌಟ್ ಡಿಫಾಲ್ಟ್ 120 ಸೆಕೆಂಡ್. ಅಷ್ಟು ಹೊತ್ತು ರೈಟ್‌ಗಳು ಕ್ಯೂನಲ್ಲಿ ಕಾಯುತ್ತವೆ, ಹಿಂದೆ ಮತ್ತೆ ಲಾಗಿನ್ ಪ್ರಯತ್ನ ನಡೀತಿರುತ್ತೆ. ಲಾಗಿನ್ ಆದ್ರೆ ಅಪ್ಲಿಕೇಶನ್‌ಗೆ ಒಂದು ಎರರ್ ಕೂಡ ಕಾಣದೆ ಕೆಲಸ ಮುಂದುವರಿಯಬಹುದು.

ಅಪಾಯ ಇರೋದು ಈ ಎರಡು ನಿಮಿಷದಲ್ಲೇ. ‘ಈ ಸರ್ವರ್ ಕತೆ ಮುಗೀತು’ ಅಂತ ಯಾರೋ ಅವಸರದಲ್ಲಿ ಅದೇ ಡಿಸ್ಕನ್ನ ಇನ್ನೊಂದು ಸರ್ವರ್‌ನಲ್ಲಿ ಮೌಂಟ್ ಮಾಡ್ತಾರೆ. ಅಷ್ಟರಲ್ಲಿ ಮೊದಲನೆಯದು ಮತ್ತೆ ಲಾಗಿನ್ ಆಗಿ, ಕ್ಯೂನಲ್ಲಿದ್ದ ರೈಟ್‌ಗಳನ್ನ ಸುರಿಯುತ್ತೆ. ಇಎಕ್ಸ್‌ಟಿ4 ಥರದ ಫೈಲ್ ಸಿಸ್ಟಮ್ ಮೇಲೆ ಇಬ್ಬರು ಒಟ್ಟಿಗೆ ಬರೆದ್ರೆ ಡೇಟಾ ಕೆಟ್ಟಿತು ಅಂತಲೇ. ಆಮೇಲೆ ಬ್ಯಾಕಪ್ಪೇ ಗತಿ.

ಅದಕ್ಕೇ ಮುಂದಿನ ಸಲ ‘ಕನೆಕ್ಟ್ ಆಗಿದೆ’ ಅಂತ ಯಾರಾದ್ರೂ ಅಂದ್ರೆ ಮೂರು ಪ್ರಶ್ನೆ ಕೇಳಿ. ಟಿಸಿಪಿ ಮಾತ್ರಾನಾ, ಲಾಗಿನ್ ಕೂಡ ಮುಗಿದಿದೆಯಾ? ಲಾಗಿನ್ ಸೋತಿದ್ರೆ ಸ್ಟೇಟಸ್ ಕ್ಲಾಸ್ ಎಷ್ಟು? 2 ಇದ್ರೆ ತಪ್ಪು ಸರ್ವರ್ ಕಡೆದು, 3 ಇದ್ರೆ ಸ್ಟೋರೇಜ್ ಕಡೆದು. ಕೊನೇದು: ಲಾಗ್ಡ್-ಇನ್ ಅಂತ ಹೇಳ್ತಿರೋದು ಯಾವ ಕಡೆ? ಎರಡೂ ಕಡೆ ನೋಡಿ, ಹಳೇ ಸರ್ವರ್‌ನ ಆಕ್ಸೆಸ್ ಸ್ಟೋರೇಜ್‌ನಲ್ಲೇ ತೆಗೆಸಿ, ಆಮೇಲೆ ಮೌಂಟ್ ಮಾಡಿ.

ಪ್ರಶ್ನೆಗಳಿದ್ರೆ ಕೇಳಿ.